ಮರಾಠಿ ಸಾಲಿ, ಕನ್ನಡ ಮನೆ: ಜಯದೇವಿತಾಯಿ ಲಿಗಾಡೆ ಅವರ ಓದಿನ ದಾರಿ

ಉದಗೀರ: ಜೂನ್ ತಿಂಗಳು ಬಂತೆಂದರೆ ಗಡಿ ಭಾಗದ ಮನೆಗಳಲ್ಲಿ ಒಂದು ಮಾತು ಏಳುತ್ತದೆ. ಮಗುವಿನ ಹೆಸರು ಮರಾಠಿ ಸಾಲಿಯಲ್ಲಿ ಹಚ್ಚಿದ್ದಾಯಿತು, ಇನ್ನು ಮನೆಯ ಮಾತಿನ ಅಕ್ಷರ ಕಲಿಸುವವರು ಯಾರು, ಯಾವ ಪುಸ್ತಕದಿಂದ ಶುರು ಮಾಡಬೇಕು? ಉದಗೀರ, ನಿಲಂಗಾ, ಉಮರ್ಗಾ ತಾಲೂಕಿನ ಎಷ್ಟೋ ಹಳ್ಳಿಗಳಲ್ಲಿ ಅಜ್ಜಿ ಕನ್ನಡದಲ್ಲಿ ಕೇಳುತ್ತಾಳೆ, ಮೊಮ್ಮಗ ಮರಾಠಿಯಲ್ಲಿ ಉತ್ತರ ಕೊಡುತ್ತಾನೆ. ಮಾತು ಇನ್ನೂ ಮನೆಯಲ್ಲಿದೆ, ಓದು ಹೊರಟುಹೋಗಿದೆ. ಇಂಥದೇ ಒಂದು ಮನೆ ನೂರು ವರ್ಷಗಳ ಹಿಂದೆ ಸೊಲ್ಲಾಪುರದಲ್ಲಿತ್ತು. ಆ ಮನೆಯ ಹುಡುಗಿ ಸಾಲಿಯಲ್ಲಿ ಕಲಿತದ್ದು ಮರಾಠಿ. ಕನ್ನಡ ಕಲಿತದ್ದು ಮನೆಯಲ್ಲಿ, ಮಾಸ್ತರಿಲ್ಲದೆ, ಪರೀಕ್ಷೆಯಿಲ್ಲದೆ. ಮುಂದೆ 1974ರಲ್ಲಿ ಮಂಡ್ಯದಲ್ಲಿ ನಡೆದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠದಲ್ಲಿ ಕುಳಿತದ್ದು ಅದೇ ಹುಡುಗಿ. ಅವರೇ ಜಯದೇವಿತಾಯಿ ಲಿಗಾಡೆ.

ಕನ್ನಡ ಸಾಹಿತ್ಯ ಸಮ್ಮೇಳನ ಶುರುವಾದದ್ದು 1915ರಲ್ಲಿ. ಒಬ್ಬ ಮಹಿಳೆ ಅದರ ಅಧ್ಯಕ್ಷೆಯಾಗಲು 59 ವರ್ಷ ಬೇಕಾಯಿತು. ಬೆಂಗಳೂರು, ಮೈಸೂರು, ಧಾರವಾಡಗಳಲ್ಲಿ ಪದವಿ ಪಡೆದ ಲೇಖಕಿಯರು ಇದ್ದರು. ಆದರೆ ಆ ಮೊದಲ ಗೌರವ ಸಂದದ್ದು ಕರ್ನಾಟಕದ ಗಡಿಯ ಆಚೆ ಬೆಳೆದ, ಕನ್ನಡ ಸಾಲಿಯ ಮೆಟ್ಟಿಲನ್ನೇ ಹತ್ತದ ಹೆಣ್ಣುಮಗಳಿಗೆ. ಇದು ಹೇಗಾಯಿತು ಎಂದು ನೋಡಿದರೆ ಗಡಿ ಭಾಗದ ತಂದೆತಾಯಿಗಳಿಗೆ ಕೆಲಸಕ್ಕೆ ಬರುವ ಸಂಗತಿಗಳು ಬಹಳ ಸಿಗುತ್ತವೆ.

ನಾಲ್ಕು ಭಾಷೆಯ ಊರು

ಜಯದೇವಿಯವರು ಹುಟ್ಟಿದ್ದು 1912ರ ಜೂನ್ 23ರಂದು, ಸೊಲ್ಲಾಪುರದ ಅನುಕೂಲಸ್ಥ ಮಡಕಿ ಮನೆತನದಲ್ಲಿ. ತಂದೆ ಚೆನ್ನಬಸಪ್ಪ, ತಾಯಿ ಸಂಗವ್ವ. ಆಗಿನ ಸೊಲ್ಲಾಪುರ ಮುಂಬಯಿ ಪ್ರಾಂತದ ದೊಡ್ಡ ಗಿರಣಿ ಊರು. ಗಿರಣಿಗಳ ಸುತ್ತ ತೆಲುಗು ಮಾತಾಡುವ ನೇಕಾರರು, ಪೇಟೆಯಲ್ಲಿ ಕನ್ನಡ ಮಾತಾಡುವ ಲಿಂಗಾಯತ ವ್ಯಾಪಾರಸ್ಥರು, ಕಚೇರಿಯಲ್ಲಿ ಮರಾಠಿ, ಇನ್ನೊಂದು ಓಣಿಗೆ ಹೋದರೆ ಉರ್ದು. ಒಬ್ಬೊಬ್ಬರ ಬಾಯಲ್ಲಿ ಎರಡು ಮೂರು ಭಾಷೆ ಆಡುವುದು ಅಲ್ಲಿ ವಿಶೇಷವೇ ಅಲ್ಲ. ಆದರೆ ಓದು ಬರಹದ ವಿಷಯ ಬೇರೆ. ಸಾಲಿ ಎಂದರೆ ಮರಾಠಿ ಸಾಲಿ. ಲೆಕ್ಕದ ವಹಿ, ಕಾಗದಪತ್ರ, ವರ್ತಮಾನಪತ್ರಿಕೆ ಎಲ್ಲ ಮರಾಠಿಯಲ್ಲೇ.

ಉದಗೀರದ ಕಡೆಯ ಪರಿಸ್ಥಿತಿ ಇದಕ್ಕಿಂತ ತುಸು ಬೇರೆ ಇತ್ತು, ಹಗುರವಾಗಿ ಮಾತ್ರ ಇರಲಿಲ್ಲ. ಉದಗೀರ, ನಿಲಂಗಾ ತಾಲೂಕುಗಳು ಆಗ ನಿಜಾಮರ ಹೈದರಾಬಾದ್ ಸಂಸ್ಥಾನದ ಬೀದರ ಜಿಲ್ಲೆಯಲ್ಲಿದ್ದವು. ಅಲ್ಲಿ ಸರಕಾರದ ಭಾಷೆ ಉರ್ದು. ಮನೆಯ ಕನ್ನಡ, ಸಂತೆಯ ಮರಾಠಿ, ಸಾಲಿಯ ಉರ್ದು ಎಂದು ಮಗು ಮೂರು ದೋಣಿಯಲ್ಲಿ ಕಾಲಿಡಬೇಕಿತ್ತು. ಉದಗೀರಕ್ಕೆ ಹತ್ತಿರದ ಕಮಲನಗರದಲ್ಲಿ ಹುಟ್ಟಿ ಭಾಲ್ಕಿ ಹಿರೇಮಠದ ಪಟ್ಟಕ್ಕೆ ಬಂದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದ ಸಂಗತಿ ಬೀದರ ಭಾಗದಲ್ಲಿ ಮನೆಮಾತು. ಅವರು ಮಠದಲ್ಲಿ ಮಾಡಿದ ಕೆಲಸವನ್ನೇ ಸೊಲ್ಲಾಪುರದ ಈ ಹುಡುಗಿ ಮನೆಯಲ್ಲಿ ತನಗೆ ತಾನೇ ಮಾಡಿಕೊಂಡಳು. ಮುಂದೆ ಇಬ್ಬರ ಹೆಸರೂ ಕಲ್ಯಾಣದ ಅನುಭವ ಮಂಟಪದೊಂದಿಗೆ ಕೂಡಿಕೊಂಡವು.

ಮೊದಲು ಕಿವಿ, ಆಮೇಲೆ ಕಣ್ಣು

ಜಯದೇವಿಯವರ ಸಾಲಿ ಓದು ಹೆಚ್ಚು ವರ್ಷ ನಡೆಯಲಿಲ್ಲ. ಆ ಕಾಲದ ಪದ್ಧತಿಯಂತೆ ಚಿಕ್ಕ ವಯಸ್ಸಿನಲ್ಲೇ ಮದುವೆಯಾಗಿ ಲಿಗಾಡೆ ಮನೆತನದ ಸೊಸೆಯಾದರು. ಅದೂ ಸ್ಥಿತಿವಂತ ಮನೆ. ಸಂಸಾರ, ಮಕ್ಕಳು, ಹಿರಿಯರು, ಬಂದುಹೋಗುವ ನೆಂಟರು. ಇದರ ನಡುವೆ ಕನ್ನಡದ ಓದು ಬೆಳೆಯಿತು. ಇಲ್ಲಿ ಒಂದು ಪ್ರಶ್ನೆ ಬರುತ್ತದೆ: ಪಠ್ಯಪುಸ್ತಕವಿಲ್ಲ, ಹೇಳಿಕೊಡುವ ಮಾಸ್ತರಿಲ್ಲ, ಹಾಗಿದ್ದರೆ ಓದಿದ್ದೇನು?

ಉತ್ತರ ಆ ಮನೆಗಳ ಒಳಗೇ ಇದೆ. ಸೊಲ್ಲಾಪುರದ ಲಿಂಗಾಯತ ಮನೆಗಳಲ್ಲಿ ಕನ್ನಡ ಪುಸ್ತಕಕ್ಕಿಂತ ಮೊದಲು ಕನ್ನಡದ ಧ್ವನಿ ಇತ್ತು. ಪೂಜೆಯ ಹೊತ್ತಿಗೆ ವಚನ, ಶ್ರಾವಣದಲ್ಲಿ ಪುರಾಣ, ಮಠದಲ್ಲಿ ಭಜನೆ, ಬೀಸುಕಲ್ಲಿನ ಮುಂದೆ ಹಾಡು. ತಾಯಿ ಸಂಗವ್ವನವರ ಮನೆಯ ಭಕ್ತಿಯ ವಾತಾವರಣವೇ ಮಗಳ ಮೊದಲ ತರಗತಿ. ಅಕ್ಷರ ಕಣ್ಣಿಗೆ ಬೀಳುವ ಮೊದಲೇ ಮಾತಿನ ಏರಿಳಿತ ಕಿವಿಯಲ್ಲಿ ಕುಳಿತಿತ್ತು.

ಇವತ್ತು ಮನೆಯಲ್ಲಿ ಕನ್ನಡ ಕಲಿಸಬೇಕೆನ್ನುವವರು ಬಹಳ ಸಲ ಇದನ್ನು ತಿರುಗುಮುರುಗಾಗಿ ಮಾಡುತ್ತಾರೆ. ಪೇಟೆಗೆ ಹೋಗಿ ಒಂದು ಅಂಕಲಿಪಿ ತರುತ್ತಾರೆ, ಮಗುವಿಗೆ ಅ ಆ ಇ ಈ ತಿದ್ದಿಸುತ್ತಾರೆ, ಎಂಟು ದಿನದಲ್ಲಿ ಮಗು ಬೇಸತ್ತು ಪಾಟಿ ಬಿಸಾಕುತ್ತದೆ. ಸಾಲಿಯಲ್ಲಿ ಒಂದು ಸಲ ತಿದ್ದಿದ್ದನ್ನೇ ಮನೆಯಲ್ಲಿ ಇನ್ನೊಂದು ಆಕಾರದಲ್ಲಿ ಯಾಕೆ ತಿದ್ದಬೇಕು ಎಂದು ಅದಕ್ಕೆ ಅನಿಸಿದರೆ ತಪ್ಪೇನೂ ಇಲ್ಲ. ಕತೆ ಕೇಳಿ, ಹಾಡು ಬಾಯಿಪಾಠವಾಗಿ, ಅದು ಎಲ್ಲಿ ಬರೆದಿದೆ ತೋರಿಸು ಎಂದು ಮಗುವೇ ಕೇಳಿದ ಮೇಲೆ ಅಕ್ಷರ ಹಿಡಿಸಿದರೆ ಕೆಲಸ ಸುಲಭ.

ಮರಾಠಿ ಬಲ್ಲ ಮಗುವಿಗೆ ಕನ್ನಡ ಅಕ್ಷರ ಪರದೇಶಿ ಏನಲ್ಲ. ವರ್ಣಮಾಲೆಯ ಸಾಲು ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಕ ಖ ಗ ಘ ಅಲ್ಲಿಯೂ ಇದೆ, ಇಲ್ಲಿಯೂ ಇದೆ. ಮರಾಠಿಯ ಬಾರಾಖಡಿಯೇ ಕನ್ನಡದ ಕಾಗುಣಿತ. ಹಿಂದಿಯಲ್ಲಿ ಕಾಣದ ಳ ಮರಾಠಿಯಲ್ಲೂ ಉಂಟು. ತೊಡಕಾಗುವುದು ಎರಡು ಮೂರು ಕಡೆ ಮಾತ್ರ. ಕನ್ನಡದಲ್ಲಿ ಎ ಮತ್ತು ಏ ಬೇರೆ, ಒ ಮತ್ತು ಓ ಬೇರೆ. ಮರಾಠಿ ಲಿಪಿಯಲ್ಲಿ ಈ ಭೇದ ಬರೆಯುವುದಿಲ್ಲ. ಹೀಗಾಗಿ ಮರಾಠಿ ಸಾಲಿಯ ಮಗು ಬೆರೆ ಎಂಬುದನ್ನೂ ಬೇರೆ ಎಂಬುದನ್ನೂ, ಕೊಡು ಎಂಬುದನ್ನೂ ಕೋಡು ಎಂಬುದನ್ನೂ ಒಂದೇ ರೀತಿ ಬರೆದುಬಿಡುತ್ತದೆ. ಇನ್ನೊಂದು ಒತ್ತಕ್ಷರ. ಮರಾಠಿಯಲ್ಲಿ ಸಾಮಾನ್ಯವಾಗಿ ಅರ್ಧ ಅಕ್ಷರ ಮೊದಲು ಬಂದು ಪೂರ್ಣ ಅಕ್ಷರ ಪಕ್ಕಕ್ಕೆ ಕೂಡುತ್ತದೆ. ಕನ್ನಡದಲ್ಲಿ ಮೊದಲಿನದು ಮೇಲೆ, ಎರಡನೆಯದು ಕೆಳಗೆ. ಅವ್ವ, ಅಪ್ಪ, ಅಜ್ಜ, ಅಕ್ಕ ಎಂದು ಮನೆಯವರ ಹೆಸರಿಡಿದು ಕರೆಯುವ ಶಬ್ದಗಳಲ್ಲೇ ಇದು ಬಂದುಹೋಗುವುದರಿಂದ ಬೇರೆ ಪಾಠವೇ ಬೇಡ. ಮಾತು ಮೊದಲೇ ಗೊತ್ತಿರುವ ಮಗುವಿಗೆ ಇಷ್ಟು ಹಿಡಿಯಲು ಬಹಳ ದಿನ ಬೇಕಿಲ್ಲ.

ಊರಿನ ಕತೆಯೇ ಮೊದಲ ಪುಸ್ತಕ

ಜಯದೇವಿತಾಯಿಯವರ ಓದಿನಲ್ಲಿ ಎಲ್ಲಕ್ಕಿಂತ ದೊಡ್ಡ ಸಂಗತಿ ಅವರು ಆರಿಸಿಕೊಂಡ ವಿಷಯ. ಅದು ದೂರದ ಹಸ್ತಿನಾಪುರದ್ದಲ್ಲ, ವಿಜಯನಗರದ್ದೂ ಅಲ್ಲ. ಮನೆಯಿಂದ ನಡೆದು ಹೋದರೆ ಸಿಗುವ ಕೆರೆಯದು, ಕೆರೆಯ ನಡುವಿನ ಗುಡಿಯದು. ಹನ್ನೆರಡನೆಯ ಶತಮಾನದ ಶಿವಯೋಗಿ ಸಿದ್ಧರಾಮರು ಸೊಲ್ಲಾಪುರದವರು. ಆಗ ಆ ಊರಿಗೆ ಸೊನ್ನಲಿಗೆ ಎಂದು ಹೆಸರು. ಅವರು ಕಟ್ಟಿಸಿದ ಕೆರೆ, ಸ್ಥಾಪಿಸಿದರೆನ್ನುವ 68 ಲಿಂಗಗಳು ಇಂದಿಗೂ ಆ ಊರಿನ ಗುರುತು. ಪ್ರತಿ ವರ್ಷ ಸಂಕ್ರಾಂತಿಗೆ ಏಳು ನಂದಿಧ್ವಜಗಳು ಬೀದಿಗೆ ಬರುತ್ತವೆ. ಅದನ್ನು ಹೊರುವವರು, ನೋಡುವವರು ಮರಾಠಿಯವರೂ ಹೌದು, ಕನ್ನಡದವರೂ ಹೌದು, ತೆಲುಗಿನವರೂ ಹೌದು. ಉಮರ್ಗಾ, ಅಕ್ಕಲಕೋಟ ಕಡೆಯ ಹಿರಿಯರಿಗೆ ಗಡ್ಡ್ಯಾ ಜಾತ್ರಿಯ ಬಗ್ಗೆ ಬಿಡಿಸಿ ಹೇಳಬೇಕಾಗಿಲ್ಲ.

ಸೊಲ್ಲಾಪುರದಲ್ಲಿ ಬೆಳೆದ ಮಗುವಿಗೆ ಸಿದ್ಧರಾಮರು ಪಾಠದಲ್ಲಿ ಬರುವ ಹೆಸರಲ್ಲ, ಹಬ್ಬದಲ್ಲಿ ಬರುವ ಹೆಸರು. ಆದರೆ ಆ ಹೆಸರಿನ ವ್ಯಕ್ತಿ ವಚನಗಳನ್ನು ಬರೆದದ್ದು ಕನ್ನಡದಲ್ಲಿ. ಕವಿ ರಾಘವಾಂಕ ಅವರ ಚರಿತ್ರೆಯನ್ನು ಕಾವ್ಯ ಮಾಡಿದ್ದೂ ಕನ್ನಡದಲ್ಲಿ. ದಿನಾಲು ಕಣ್ಣಿಗೆ ಬೀಳುವ ಗುಡಿಯ ಕತೆ ತಿಳಿಯಬೇಕಾದರೆ ಕನ್ನಡ ಓದಲೇಬೇಕು. ಮನೆಯ ಮಾತನ್ನು ಓದಲು ಇದಕ್ಕಿಂತ ಗಟ್ಟಿ ಕಾರಣ ಯಾವ ಮಗುವಿಗೆ ಬೇಕು? ಬೇರೆ ಯಾರೂ ಹಚ್ಚಿಕೊಡಬೇಕಾಗಿಲ್ಲದ ಪಠ್ಯ ಇದು.

ಕಾಲವೂ ಕೂಡಿಬಂತು. ತಾಳೆಗರಿಯಲ್ಲಿ, ಹಸ್ತಪ್ರತಿಯಲ್ಲಿ ಮಠಮನೆಗಳ ಗಂಟಿನೊಳಗಿದ್ದ ವಚನಗಳು ಅಚ್ಚಿಗೆ ಬರಲು ಶುರುವಾದದ್ದು ಅದೇ ಹೊತ್ತಿನಲ್ಲಿ. ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರ ವಚನಶಾಸ್ತ್ರಸಾರ ಪ್ರಕಟವಾದದ್ದು 1923ರಲ್ಲಿ. 1926ರಿಂದ ಅವರು ಶಿವಾನುಭವ ಪತ್ರಿಕೆ ನಡೆಸಿದರು. ವಿಜಯಪುರ ಸೊಲ್ಲಾಪುರಕ್ಕೆ ನೆರೆಯೂರು, ರೈಲಿನ ದಾರಿ. ಇನ್ನೊಂದು ಕಡೆ ಸೊಲ್ಲಾಪುರಕ್ಕೆ ಸಮೀಪದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಹೆಣ್ಣುಮಕ್ಕಳ ಬಾಯಲ್ಲಿದ್ದ ಹಾಡುಗಳನ್ನು ಬರೆದುಕೊಂಡು ಗರತಿಯ ಹಾಡು ಎಂಬ ಪುಸ್ತಕ ತಂದರು. ಅಂದರೆ ಜಯದೇವಿಯವರು ಬೆಳೆಯುವ ಕಾಲಕ್ಕೆ ಮನೆಯಲ್ಲಿ ಕೇಳಿದ್ದೇ ಪುಸ್ತಕವಾಗಿ ಕೈಗೆ ಸಿಗುವಂತಾಗಿತ್ತು. ಬೀಸುವಾಗ ಅವ್ವ ಹಾಡಿದ್ದು ಅಚ್ಚಾಗಿ ಬಂದರೆ ಅದನ್ನು ಓದಲು ನಿಘಂಟು ಬೇಕಾಗುವುದಿಲ್ಲ.

ತ್ರಿಪದಿಯೂ ಓವಿಯೂ

ಅವರು ಬರೆಯಲು ಕುಳಿತಾಗ ಆರಿಸಿಕೊಂಡ ಛಂದಸ್ಸೂ ಇದನ್ನೇ ಹೇಳುತ್ತದೆ. ಪಂಡಿತರು ಮೆಚ್ಚುವ ಕಂದ, ವೃತ್ತಗಳ ಗೋಜಿಗೆ ಅವರು ಹೋಗಲಿಲ್ಲ. ತ್ರಿಪದಿ ಹಿಡಿದರು. ಮೂರು ಸಾಲಿನ ಪದ್ಯ, ಸರ್ವಜ್ಞ ಬಳಸಿದ್ದು, ಬೀಸುಕಲ್ಲಿನ ಹೆಣ್ಣುಮಕ್ಕಳು ಬಳಸಿದ್ದು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲೇ ತ್ರಿಪದಿ ಇದೆ, ಅಂದರೆ ಸಾವಿರದ ಮುನ್ನೂರು ವರ್ಷ ಹಳೆಯದು. ಸ್ವತಃ ಸಿದ್ಧರಾಮರೂ ತ್ರಿವಿಧಿಗಳನ್ನು ಇದೇ ಮಟ್ಟಿನಲ್ಲಿ ರಚಿಸಿದ್ದಾರೆ. ಜಯದೇವಿತಾಯಿಯವರ ಶ್ರೀ ಸಿದ್ಧರಾಮ ಪುರಾಣ ನಾಲ್ಕು ಸಾವಿರಕ್ಕೂ ಹೆಚ್ಚು ತ್ರಿಪದಿಗಳ ದೊಡ್ಡ ಗ್ರಂಥ. ಜಯಗೀತ, ತಾಯಿಯ ಪದಗಳು, ತಾರಕ ತಂಬೂರಿ ಅವರ ಇತರ ಕನ್ನಡ ಕೃತಿಗಳು.

ಮರಾಠಿ ಬಲ್ಲ ಓದುಗರಿಗೆ ತ್ರಿಪದಿ ಎಂದರೆ ಏನೆಂದು ತಿಳಿಸಲು ಸುಲಭದ ದಾರಿ ಇದೆ: ಅದು ಕನ್ನಡದ ಓವಿ. ಜಾತ್ಯಾವರಚಿ ಓವಿ ಎಂದು ಮರಾಠಿ ಮನೆಗಳಲ್ಲಿ ಏನಿದೆಯೋ ಅದೇ ಕೆಲಸ ಕನ್ನಡ ಮನೆಗಳಲ್ಲಿ ತ್ರಿಪದಿ ಮಾಡಿದೆ. ಮಟ್ಟು ಬೇರೆ, ಸಾಲು ಬೇರೆ, ಕಲ್ಲು ತಿರುಗುವ ಲಯ ಮಾತ್ರ ಒಂದೇ. ಜ್ಞಾನೇಶ್ವರ ಮಹಾರಾಜರು ಗೀತೆಯನ್ನು ಜನರಿಗೆ ಹೇಳಲು ಓವಿ ಹಿಡಿದ ಹಾಗೆ ಜಯದೇವಿತಾಯಿಯವರು ಸಿದ್ಧರಾಮರನ್ನು ಹೇಳಲು ತ್ರಿಪದಿ ಹಿಡಿದರು. ಎರಡೂ ಗೊತ್ತಿರುವ ಗಡಿಯ ಮಗುವಿಗೆ ಈ ಹೋಲಿಕೆ ತಾನಾಗಿಯೇ ಹೊಳೆಯುತ್ತದೆ. ಬೆಂಗಳೂರಿನ ಮಗುವಿಗೂ ಪುಣೆಯ ಮಗುವಿಗೂ ಈ ಅನುಕೂಲವಿಲ್ಲ.

ಹೆಸರಿನ ಮಾತೂ ಇಲ್ಲಿ ಬಂದರೆ ಒಳ್ಳೆಯದು. ತಾಯಿ ಎಂದರೆ ಕನ್ನಡದಲ್ಲಿ ಅವ್ವ. ಮರಾಠಿಯಲ್ಲಿ ತಾಈ ಎಂದರೆ ಅಕ್ಕ. ಜಯದೇವಿತಾಯಿ ಎಂದು ಕರೆದಾಗ ಕನ್ನಡದವರಿಗೆ ಒಂದು ಸಂಬಂಧ ಕೇಳಿಸುತ್ತದೆ, ಮರಾಠಿಯವರಿಗೆ ಇನ್ನೊಂದು. ಸೊಲ್ಲಾಪುರದಲ್ಲಿ ಎರಡೂ ನಡೆಯುತ್ತಿತ್ತು.

ಮರಾಠಿಯ ಸಾಲ ತೀರಿಸಿದ್ದು

ಮನೆಯಲ್ಲಿ ಕನ್ನಡ ಓದಿಸಿದರೆ ಮಗು ಸಾಲಿಯ ಮರಾಠಿಯಲ್ಲಿ ಹಿಂದೆ ಬೀಳುತ್ತದೆ ಎಂಬ ಅಂಜಿಕೆ ಗಡಿ ಭಾಗದ ಎಷ್ಟೋ ಪಾಲಕರಿಗೆ ಇದೆ. ಇದಕ್ಕೆ ಉತ್ತರವಾಗಿ ಜಯದೇವಿತಾಯಿಯವರ ಮರಾಠಿ ಪುಸ್ತಕಗಳನ್ನೇ ತೋರಿಸಬಹುದು. ಕನ್ನಡಕ್ಕಾಗಿ ಇಷ್ಟು ಹೋರಾಡಿದವರು ಮರಾಠಿಯನ್ನು ಬಿಡಲಿಲ್ಲ. ಬಸವಣ್ಣನವರ ವಚನಗಳನ್ನು, ಸಿದ್ಧರಾಮರ ತ್ರಿವಿಧಿಗಳನ್ನು ಅವರು ಮರಾಠಿಗೆ ತಂದರು. ಬಸವ ದರ್ಶನ, ಸಿದ್ಧವಾಣಿ, ಮಹಾಯೋಗಿನಿ ಇವು ಅವರ ಮರಾಠಿ ಕೃತಿಗಳಲ್ಲಿ ಕೆಲವು. ವಚನ ಸಾಹಿತ್ಯದ ಕಠಿಣ ಗ್ರಂಥವಾದ ಶೂನ್ಯ ಸಂಪಾದನೆಗೂ ಅವರು ಕೈಹಾಕಿದರು. ಸಾಲಿಯಲ್ಲಿ ಕಲಿತ ಮರಾಠಿ ಇಲ್ಲದಿದ್ದರೆ ಈ ಕೆಲಸ ಆಗುತ್ತಿರಲಿಲ್ಲ, ಮನೆಯಲ್ಲಿ ಕಲಿತ ಕನ್ನಡ ಇಲ್ಲದಿದ್ದರೆ ಅನುವಾದಿಸಲು ಏನೂ ಇರುತ್ತಿರಲಿಲ್ಲ.

ಈ ಅನುವಾದಗಳು ಯಾರಿಗಾಗಿ? ಸೊಲ್ಲಾಪುರ, ಲಾತೂರು, ಧಾರಾಶಿವ, ನಾಂದೇಡ ಕಡೆ ಕನ್ನಡ ಓದುವುದು ಯಾವಾಗಲೋ ನಿಂತುಹೋದ ಲಿಂಗಾಯತ ಮನೆಗಳು ಸಾವಿರಾರು ಇವೆ. ಅಲ್ಲಿ ದೇವರ ಮನೆಯಲ್ಲಿ ಬಸವಣ್ಣನವರ ಪಟವಿದೆ, ಅವರ ಮಾತು ಓದಲು ಬರುವುದಿಲ್ಲ. ಹಾಗೆಂದು ಆ ಮನೆಗಳಲ್ಲಿ ಓದೇ ಇಲ್ಲವೆಂದಲ್ಲ. ಉದಗೀರ, ನಿಲಂಗಾ ಭಾಗದಲ್ಲಿ ಮನ್ಮಥಸ್ವಾಮಿಗಳ ಪರಮರಹಸ್ಯದ ಪಾರಾಯಣ ನಡೆಯುತ್ತಲೇ ಬಂದಿದೆ. ಬೀಡ ಜಿಲ್ಲೆಯ ಕಪಿಲಧಾರಕ್ಕೆ ದಿಂಡಿ ಹೋಗುತ್ತದೆ. ಅದು ಮರಾಠಿಯಲ್ಲೇ ಹುಟ್ಟಿದ ಶಿವಭಕ್ತಿ ಸಾಹಿತ್ಯ. ಇದರ ಪಕ್ಕದಲ್ಲಿ ಮರಾಠಿ ವಚನಗಳನ್ನು ಇಟ್ಟರೆ ಮನೆಯವರಿಗೆ ಮೂಲ ಕನ್ನಡವನ್ನು ನೋಡುವ ಆಸೆ ಹುಟ್ಟಬಹುದು. ಒಂದು ಪುಟದಲ್ಲಿ ಮರಾಠಿ, ಎದುರಿಗೆ ಕನ್ನಡ ಎಂದು ಇಟ್ಟುಕೊಂಡು ಓದುವುದು ಎರಡು ಭಾಷೆಯ ಮನೆಗೆ ಒಪ್ಪುವ ಕ್ರಮ. ವಚನ ಚಿಕ್ಕದು, ಗದ್ಯದಂತೆ ಸರಳ, ಒಂದು ಕೂಡಿಕೆಗೆ ಒಂದು ಸಾಕು.

ಮರಾಠಿ ಮಕ್ಕಳಿಗೆ ಸಾನೆ ಗುರೂಜಿಯವರ ಶ್ಯಾಮಚಿ ಆಈ ಗೊತ್ತು. 1935ರಲ್ಲಿ ಬಂದ ಆ ಪುಸ್ತಕದಲ್ಲಿ ತಾಯಿಯೇ ಮಗನ ಮೊದಲ ಗುರು. ಸಾಲಿ ಎರಡನೆಯದು. ಸಂಗವ್ವನವರ ಬಗ್ಗೆ ಅಂಥ ಪುಸ್ತಕವನ್ನು ಯಾರೂ ಬರೆಯಲಿಲ್ಲ.

ಗಡಿಯ ಹೋರಾಟ, ಮನೆಯ ಕೆಲಸ

1950ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಸೊಲ್ಲಾಪುರದಲ್ಲೇ ನಡೆಯಿತು. ಎಂ.ಆರ್. ಶ್ರೀನಿವಾಸಮೂರ್ತಿಯವರು ಅಧ್ಯಕ್ಷರು. ಸ್ವಾಗತದ ಹೊಣೆ ಜಯದೇವಿತಾಯಿಯವರದು. ಆ ದಿನಗಳಲ್ಲಿ ಏಕೀಕರಣದ ಗಾಳಿ ಬೀಸುತ್ತಿತ್ತು. ಸೊಲ್ಲಾಪುರ ಕರ್ನಾಟಕಕ್ಕೆ ಸೇರಬೇಕೆಂದು ಅವರು ದುಡಿದರು, ಓಡಾಡಿದರು, ಸ್ವಂತ ಹಣ ಖರ್ಚು ಮಾಡಿದರು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆಯಿತು, ಸೊಲ್ಲಾಪುರ ಮುಂಬಯಿ ರಾಜ್ಯದಲ್ಲಿ ಉಳಿಯಿತು. ಅದೇ ವರ್ಷ ಬೀದರ ಜಿಲ್ಲೆಯ ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳೂ ಮುಂಬಯಿ ರಾಜ್ಯಕ್ಕೆ ಹೋದವು, ಉಸ್ಮಾನಾಬಾದ ಜಿಲ್ಲೆಗೆ ಸೇರಿದವು. 1960ರಲ್ಲಿ ಎಲ್ಲವೂ ಮಹಾರಾಷ್ಟ್ರವಾಯಿತು. 1967ರಲ್ಲಿ ಮಹಾಜನ ಆಯೋಗದ ವರದಿ ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗಗಳು ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲ. ಗಡಿಯ ಗೆರೆ ಇದ್ದಲ್ಲೇ ಇದೆ.

ಈ ಸೋಲನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅವರ ಜೀವನದ ದೊಡ್ಡ ಬೇಡಿಕೆ ಈಡೇರಲಿಲ್ಲ. ಆದರೆ ಅದರ ಜತೆಗೆ ಅವರು ಸದ್ದಿಲ್ಲದೆ ಮಾಡಿದ ಇನ್ನೊಂದು ಕೆಲಸ ಇದೆ. ಸೊಲ್ಲಾಪುರ ಭಾಗದಲ್ಲಿ ಕನ್ನಡ ಶಾಲೆಗಳಿಗೆ ನೆರವಾದರು, ಕನ್ನಡ ಕಲಿಯುವವರಿಗೆ ವ್ಯವಸ್ಥೆ ಮಾಡಿದರು, ಪುಸ್ತಕ ಹಂಚಿದರು. ಸರಕಾರ ಯಾವುದೇ ಇರಲಿ, ಮನೆಯಲ್ಲಿ ಪುಸ್ತಕ ಇರಲಿ ಎಂಬ ಕೆಲಸ ಇದು. ಗಡಿಯ ತೀರ್ಮಾನ ದೆಹಲಿಯಲ್ಲಿ ಆಗುತ್ತದೆ, ಮಗು ರಾತ್ರಿ ಮಲಗುವಾಗ ಯಾವ ಭಾಷೆಯ ಕತೆ ಕೇಳಬೇಕೆಂಬ ತೀರ್ಮಾನ ಮಾತ್ರ ಮನೆಯಲ್ಲೇ ಆಗುತ್ತದೆ.

ಇನ್ನೂ ಒಂದು ಮಾತು ನೇರವಾಗಿ ಹೇಳಬೇಕು. ಜಯದೇವಿತಾಯಿಯವರಿಗೆ ಅನುಕೂಲವಿತ್ತು. ಪುಸ್ತಕ ಕೊಳ್ಳುವ ಹಣ, ಓದುವ ಬಿಡುವು ಎರಡೂ ದೊಡ್ಡ ಮನೆತನದಿಂದ ಬಂದವು. ಗಿರಣಿಯಲ್ಲಿ ಪಾಳಿ ಮಾಡುವ ತಾಯಿಗೆ, ಸೋಯಾಬೀನ್ ಕಳೆ ತೆಗೆದು ಸಂಜೆ ಮನೆಗೆ ಬರುವ ತಾಯಿಗೆ ಅದು ಸಿಗುವುದಿಲ್ಲ. ಆಕೆಗೆ ನಿತ್ಯ ಒಂದು ತಾಸು ಕನ್ನಡ ಕಲಿಸು ಎಂದು ಹೇಳುವುದು ಸುಲಭ, ಮಾಡುವುದು ಕಷ್ಟ. ಆದರೆ ಸಂಗವ್ವನವರ ಮನೆಯಲ್ಲಿ ಮಗಳಿಗೆ ಸಿಕ್ಕ ಮೊದಲ ಪಾಠಕ್ಕೆ ಹಣ ಬೇಕಿರಲಿಲ್ಲ. ಹಾಡು ಹಾಡಲು, ಕತೆ ಹೇಳಲು ಪುಸ್ತಕದಂಗಡಿಗೆ ಹೋಗಬೇಕಾಗಿಲ್ಲ. ಹಳ್ಳಿಯ ಮನೆಯಲ್ಲಿ ಇನ್ನೂ ಅಜ್ಜಿ ಇದ್ದಾಳೆ. ಅಜ್ಜಿ ಇರುವತನಕ ಅರ್ಧ ಪಠ್ಯ ಇದ್ದಂತೆಯೇ.

ಎರಡನೆಯ ಮಾತು, ಅವರ ಓದೆಲ್ಲ ಭಕ್ತಿಯ ಓದು. ಅವರ ಕಾಲಕ್ಕೆ, ಅವರ ಮನಸ್ಸಿಗೆ ಅದು ಸಾಕಾಯಿತು. ಇಂದಿನ ಮಗುವಿಗೆ ಪುರಾಣವೊಂದನ್ನೇ ಕೊಟ್ಟರೆ ಕನ್ನಡ ಎಂದರೆ ದೇವರ ಮನೆಯ ಭಾಷೆ, ಮರಾಠಿ ಎಂದರೆ ಆಟದ ಭಾಷೆ, ಇಂಗ್ಲಿಷ್ ಎಂದರೆ ನೌಕರಿಯ ಭಾಷೆ ಎಂದಾಗಿಬಿಡುತ್ತದೆ. ನಗುವ ಕನ್ನಡವೂ ಬೇಕು, ಆಡುವ ಕನ್ನಡವೂ ಬೇಕು. ಪಂಜೆ ಮಂಗೇಶರಾಯರು, ಜಿ.ಪಿ. ರಾಜರತ್ನಂ ಮಕ್ಕಳಿಗಾಗಿ ಬರೆದ ಪದ್ಯಗಳು ಹಳೆಯವಾದರೂ ಹಳಸಿಲ್ಲ. ಪಂಜೆಯವರ ಮನೆಮಾತು ಕೊಂಕಣಿ ಎಂಬುದನ್ನು ಇಲ್ಲಿ ನೆನೆಯಬೇಕು, ಕನ್ನಡದ ಮಕ್ಕಳ ಸಾಹಿತ್ಯಕ್ಕೆ ಬುನಾದಿ ಹಾಕಿದವರಲ್ಲಿ ಅವರೊಬ್ಬರು. ವಿಜಯಪುರ ಭಾಗದ ಶಂ.ಗು. ಬಿರಾದಾರ, ಸಿಸು ಸಂಗಮೇಶ ಅವರ ಪದ್ಯಗಳಂತೂ ಗಡಿ ಭಾಗದ ಮಾತಿಗೆ ಇನ್ನೂ ಹತ್ತಿರ. ಸೃಷ್ಟಿ, ವಿಜ್ಞಾನ ತಿಳಿಸಲು ಶಿವರಾಮ ಕಾರಂತರು ಬಾಲಪ್ರಪಂಚ ಬರೆದಿದ್ದಾರೆ.

ಕ್ರಮವಾಗಿ ಪಾಠ ಬೇಕೆನ್ನುವವರಿಗೆ ಜಯದೇವಿಯವರಿಗೆ ಸಿಗದ ಒಂದು ಸೌಲಭ್ಯ ಈಗ ಇದೆ. ಪುಣೆಯ ಬಾಲಭಾರತಿ ಸಂಸ್ಥೆ 1967ರಲ್ಲಿ ಹುಟ್ಟಿತು. ಅದು ಮಹಾರಾಷ್ಟ್ರದ ಕನ್ನಡ ಮಾಧ್ಯಮದ ಶಾಲೆಗಳಿಗಾಗಿ ಕನ್ನಡದಲ್ಲೂ ಪಠ್ಯಪುಸ್ತಕ ತರುತ್ತದೆ. ಸೊಲ್ಲಾಪುರ, ಅಕ್ಕಲಕೋಟ, ಜತ್ತ ಕಡೆ ಅವು ಬಳಕೆಯಲ್ಲಿವೆ. ಆ ಪುಸ್ತಕಗಳ ಒಂದು ಲಾಭವೆಂದರೆ ಅವು ಮಹಾರಾಷ್ಟ್ರದ ಮಗುವನ್ನು ಕಣ್ಣಮುಂದಿಟ್ಟುಕೊಂಡು ಬರೆದವು. ಆದರೆ ಮನೆಯಲ್ಲಿ ಅದನ್ನು ಸಾಲಿಯ ಹಾಗೆ ಪಾಠ ಒಂದು, ಪಾಠ ಎರಡು, ಸ್ವಾಧ್ಯಾಯ ಎಂದು ಬರೆಸಲು ಹೋದರೆ ಮಗುವಿಗೆ ಎರಡು ಸಾಲಿ ಆಗುತ್ತದೆ. ಓದಿ ಹೇಳಿ ಬಿಡುವುದು ಉತ್ತಮ.

ಮಂಡ್ಯದಿಂದ ಕಲ್ಯಾಣಕ್ಕೆ

1974ರ ಮಂಡ್ಯ ಸಮ್ಮೇಳನ 48ನೆಯದು. ಸಕ್ಕರೆ ಸೀಮೆಯ ಜನ ಸೊಲ್ಲಾಪುರದ ಸೀರೆಯುಟ್ಟ, ವಿಭೂತಿ ಧರಿಸಿದ ಈ ತಾಯಿಯನ್ನು ಗೌರವದಿಂದ ಬರಮಾಡಿಕೊಂಡರು. ಅವರ ನಂತರ ಇನ್ನೊಬ್ಬ ಮಹಿಳೆ, ಶಾಂತಾದೇವಿ ಮಾಳವಾಡ, ಆ ಪೀಠ ಏರಿದ್ದು 2000ದಲ್ಲಿ ಬಾಗಲಕೋಟೆಯಲ್ಲಿ.

ಕೊನೆಗಾಲದಲ್ಲಿ ಜಯದೇವಿತಾಯಿಯವರು ಸೊಲ್ಲಾಪುರ ಬಿಟ್ಟು ಬಸವಕಲ್ಯಾಣಕ್ಕೆ ಬಂದು ನೆಲೆಸಿದರು. ಸೊಲ್ಲಾಪುರದಿಂದ ನಳದುರ್ಗ, ಉಮರ್ಗಾ ದಾಟಿ ಹೈದರಾಬಾದ್ ರಸ್ತೆ ಹಿಡಿದರೆ ಸಸ್ತಾಪುರ ಬಂಗ್ಲಾದ ಹತ್ತಿರ ಕಲ್ಯಾಣದ ತಿರುವು ಬರುತ್ತದೆ. ಉಮರ್ಗಾ ಮಂದಿಗೆ ಅದು ಸಂತೆಗೆ, ಬೀಗರ ಮನೆಗೆ ಹೋಗುವ ದಾರಿ. ಎಂಟುನೂರು ವರ್ಷಗಳ ಹಿಂದೆ ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬಂದು, ಕೆರೆ ಗುಡಿ ಕಟ್ಟುವುದರಲ್ಲಿ ಮುಳುಗಿದ್ದ ಸಿದ್ಧರಾಮರನ್ನು ಕಲ್ಯಾಣಕ್ಕೆ ಕರೆದೊಯ್ದರೆಂದು ಶೂನ್ಯ ಸಂಪಾದನೆ ಹೇಳುತ್ತದೆ. ಸಿದ್ಧರಾಮರು ಮರಳಿ ಸೊನ್ನಲಿಗೆಗೆ ಬಂದು ಅಲ್ಲಿಯೇ ಸಮಾಧಿಯಾದರು. ಜಯದೇವಿತಾಯಿಯವರು ಮರಳಲಿಲ್ಲ. 1986ರಲ್ಲಿ ಬಸವಕಲ್ಯಾಣದಲ್ಲಿ ಲಿಂಗೈಕ್ಯರಾದರು. ಆಗ ಅವರಿಗೆ 74 ವರ್ಷ.